ಗುಣವಾದ ಭುಜ, ಬದಲಾದ ಎಸೆತ



ಭುಜಕ್ಕೆ ಶಸ್ತ್ರಚಿಕಿತ್ಸೆಯಾದ ಬೇಸ್‌ಬಾಲ್ ಪಿಚರ್ ಮತ್ತೆ ಯಾವಾಗ ಚೆಂಡು ಎಸೆಯಬಹುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ವಾರಗಳ ಲೆಕ್ಕವಿದೆ, ಸ್ನಾಯುಬಲದ ಪರೀಕ್ಷೆಯಿದೆ, ತೋಳು ಎಷ್ಟು ಡಿಗ್ರಿ ತಿರುಗುತ್ತದೆಂದು ಅಳೆಯುವ ಸಾಧನವಿದೆ. ಅವನು ಹೇಗೆ ಎಸೆಯುತ್ತಿದ್ದಾನೆ ಎಂಬ ಪ್ರಶ್ನೆ ಮಾತ್ರ ವೈದ್ಯರ ಕೈಯಿಂದ ಜಾರಿ ಕೋಚ್‌ನ ಕಣ್ಣಂದಾಜಿಗೆ ಬಿದ್ದಿದೆ. ಹೊಲಿದ ಅಂಗಾಂಶ ಗಟ್ಟಿಯಾಯಿತೇ ಎನ್ನುವುದರಿಂದಲೇ ಚೇತರಿಕೆಯನ್ನು ಅಳೆಯುವಷ್ಟು ಕಾಲ ನಾವು ಈ ಆಟಗಾರರಿಗೆ ಅರ್ಧ ಚಿಕಿತ್ಸೆಯನ್ನಷ್ಟೇ ಕೊಡುತ್ತಿರುತ್ತೇವೆ ಎಂಬುದು ನನ್ನ ವಾದ. ಎಸೆತದ ಚಲನೆಯನ್ನೇ ಚಿಕಿತ್ಸೆಯ ವಿಷಯವಾಗಿಯೂ ಫಲಿತಾಂಶವಾಗಿಯೂ ಪರಿಗಣಿಸಬೇಕು.

ಎಸೆತದ ಶಕ್ತಿ ಭುಜದಲ್ಲಿ ಹುಟ್ಟುವುದಿಲ್ಲ. ಭುಜದ ಮೂಲಕ ಹಾಯುತ್ತದೆ. ಪಿಚರ್ ನಿಂತು ಎಸೆಯುವ ದಿಬ್ಬದ ಇಳಿಜಾರಿನಲ್ಲಿ ಮುಂಗಾಲು ಊರಿದ ಕೂಡಲೇ ಮೊದಲು ಸೊಂಟ ತಿರುಗುತ್ತದೆ, ಅದರ ಬೆನ್ನಿಗೆ ಎದೆ, ಆಮೇಲೆ ತೋಳು. ದೇಹ ಮುಂದಕ್ಕೆ ನುಗ್ಗುತ್ತಿರುವಾಗ ತೋಳು ಹಿಂದೆ ಉಳಿದು, ಭುಜದ ಹೊರತಿರುವು 170ರಿಂದ 180 ಡಿಗ್ರಿಯವರೆಗೆ ಹೋಗುತ್ತದೆ. ಅಲ್ಲಿಂದ ಚೆಂಡು ಕೈಬಿಡುವುದಕ್ಕೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗವೂ ಬೇಕಾಗುವುದಿಲ್ಲ. ಅಷ್ಟರಲ್ಲಿ ತೋಳು ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಮನುಷ್ಯದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಚೆಂಡು ಹೋದ ಮೇಲೆ ತೋಳೂ ಅದರ ಹಿಂದೆ ಕಿತ್ತುಹೋಗದಂತೆ ಹಿಡಿಯಬೇಕಲ್ಲ, ಆಗ ಕೀಲಿನ ಮೇಲೆ ಬೀಳುವ ಬಲ 1000 ನ್ಯೂಟನ್‌ಗೂ ಹೆಚ್ಚು ಎಂದು ಚಲನೆಯ ಸಂಶೋಧಕ ಗ್ಲೆನ್ ಫ್ಲೈಸಿಗ್ ಮತ್ತು ಸಂಗಡಿಗರು 1995ರಲ್ಲೇ ತೋರಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ 170 ಡಿಗ್ರಿಯಷ್ಟೂ ಭುಜದ ಕೀಲಿನದ್ದಲ್ಲ. ಹೆಗಲೆಲುಬು ಹಿಂದಕ್ಕೆ ವಾಲುವುದು, ಬೆನ್ನಿನ ಮೇಲ್ಭಾಗ ಬಾಗುವುದು, ಬಾಲ್ಯದಿಂದ ಎಸೆದೆಸೆದು ತೋಳುಮೂಳೆಯೇ ತಿರುಚಿಕೊಂಡು ಬೆಳೆದಿರುವುದು, ಇವೆಲ್ಲ ಕೂಡಿ ಆ ಸಂಖ್ಯೆಯಾಗುತ್ತದೆ. ಇದರಲ್ಲಿ ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚು ದುಡಿಯಬೇಕು, ಇಲ್ಲವೇ ಎಸೆತ ಕುಗ್ಗಬೇಕು.

ಶಸ್ತ್ರಚಿಕಿತ್ಸೆಯ ನಂತರ ಆಗುತ್ತಿರುವುದೇನೆಂದು ಅಂಕಿಗಳು ಹೇಳುತ್ತವೆ. ಭುಜದ ಕುಳಿಯ ಅಂಚಿನಲ್ಲಿರುವ ಲೇಬ್ರಮ್ ಎಂಬ ಬಳೆ, ಬೈಸೆಪ್ಸ್ ಸ್ನಾಯುರಜ್ಜು ಬಂದು ಸೇರುವ ಮೇಲ್ಭಾಗದಲ್ಲಿ ಹರಿಯುವುದನ್ನು ಸ್ಲ್ಯಾಪ್ ಗಾಯ ಎನ್ನುತ್ತೇವೆ. ವೃತ್ತಿಪರ ಆಟಗಾರರಲ್ಲಿ ಈ ಗಾಯದ ಚಿಕಿತ್ಸೆಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ ಪಿಚರ್‌ಗಳಲ್ಲಿ ಶೇ. 48ರಷ್ಟು ಮಂದಿ ಆಟಕ್ಕೆ ಮರಳಿದರು. ಹಿಂದಿನ ಮಟ್ಟದ ಆಟಕ್ಕೆ ಮರಳಿದವರು ಶೇ. 7 ಮಾತ್ರ. ನನ್ನನ್ನು ಕಾಡುವುದು ಈ ಎರಡು ಸಂಖ್ಯೆಗಳ ನಡುವಿನ ಅಂತರ. ಅಂಗಾಂಶ ಕೂಡಿಕೊಂಡಿತು, ಆಟಗಾರ ಮೈದಾನಕ್ಕೂ ಬಂದ, ಎಸೆತ ಮಾತ್ರ ಬರಲಿಲ್ಲ. ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳ ಗುಂಪಾದ ರೊಟೇಟರ್ ಕಫ್ ಪೂರ್ತಿ ಹರಿದವರ ಕಥೆ ಇನ್ನೂ ಕಠಿಣ: ಮಜೂ ಮತ್ತು ಆಂಡ್ರೂಸ್ 2006ರಲ್ಲಿ ವರದಿ ಮಾಡಿದ, ಎಸೆಯುವ ತೋಳಿಗೇ ಚಿಕಿತ್ಸೆಯಾದ 12 ವೃತ್ತಿಪರ ಪಿಚರ್‌ಗಳಲ್ಲಿ ಹಿಂದಿನಂತೆ ಉನ್ನತ ಮಟ್ಟದಲ್ಲಿ ಆಡಲಾದದ್ದು ಒಬ್ಬರಿಗೆ.

ಶಸ್ತ್ರಚಿಕಿತ್ಸೆಯ ನಂತರವೂ ಮಿಂಚಿದ ಪಿಚರ್ ರೋಜರ್ ಕ್ಲೆಮೆನ್ಸ್ ಇಲ್ಲವೇ ಎಂದು ಕೇಳುವವರಿದ್ದಾರೆ. ನಿಜ, 1985ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1986ರ ಏಪ್ರಿಲ್‌ನಲ್ಲಿ ಒಂದೇ ಪಂದ್ಯದಲ್ಲಿ 20 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದವರು ಅವರು. ಆದರೆ ಅವರಿಗೆ ನಡೆದದ್ದು ಹರಿದ ಮೃದ್ವಸ್ಥಿಯ ತುಣುಕನ್ನು ತೆಗೆದುಹಾಕುವ ಚಿಕಿತ್ಸೆ. ಏನನ್ನೂ ಎಳೆದು ಬಿಗಿಯಲಿಲ್ಲ. ಇನ್ನೊಂದೆಡೆ, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 2006ರಲ್ಲಿ ಗೆದ್ದ ಬ್ರ್ಯಾಂಡನ್ ವೆಬ್ 2009ರ ಶಸ್ತ್ರಚಿಕಿತ್ಸೆಯ ನಂತರ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. 2010ರಲ್ಲಿ ಕೀಲಿನ ಮುಂಭಾಗದ ಪೊರೆಯನ್ನು ಹೊಲಿಸಿಕೊಂಡ ಯೋಹಾನ್ ಸಾಂಟಾನಾ, 2012ರ ಜೂನ್ 1ರಂದು 134 ಎಸೆತಗಳಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. ಅದೇ ವರ್ಷದ ಆಗಸ್ಟ್ ನಂತರ ಅವರು ಮೇಜರ್ ಲೀಗ್‌ನಲ್ಲಿ ಮತ್ತೆ ಎಸೆಯಲಿಲ್ಲ. ಮರುವರ್ಷ ಅದೇ ಪೊರೆ ಮತ್ತೆ ಹರಿದಿತ್ತು. ಆ ರಾತ್ರಿಯ 134 ಎಸೆತಗಳೇ ಕಾರಣವೆಂದು ಹೇಳಲು ನಮ್ಮ ಬಳಿ ಆಧಾರವಿಲ್ಲ, ಹಾಗೆ ಹೇಳಲೂಬಾರದು. ಒಬ್ಬೊಬ್ಬರ ಗೆಲುವು ಸೋಲುಗಳು ಮನಸ್ಸನ್ನು ತಟ್ಟುತ್ತವೆ, ಚಿಕಿತ್ಸೆಯ ನಿಯಮಗಳನ್ನು ಅವುಗಳ ಮೇಲೆ ಕಟ್ಟಲಾಗದು.

ಹಾಗಾದರೆ ಚಲನೆಯಲ್ಲಿ ಏನು ಬದಲಾಗುತ್ತದೆ? ಸ್ಲ್ಯಾಪ್ ಗಾಯವನ್ನು ಹೊಲಿಸಿಕೊಂಡ 13 ಪಿಚರ್‌ಗಳನ್ನು ಆರೋಗ್ಯವಂತ ಪಿಚರ್‌ಗಳ ಜೊತೆ ಹೋಲಿಸಿದ, 2014ರದೇ ಇನ್ನೊಂದು ಪ್ರಯೋಗಾಲಯ ಅಧ್ಯಯನ ಸ್ಪಷ್ಟ ಸುಳಿವು ಕೊಡುತ್ತದೆ. ಚಿಕಿತ್ಸೆಯಾದವರ ತೋಳು ಅಷ್ಟು ಹಿಂದಕ್ಕೆ ಹೋಗುತ್ತಿರಲಿಲ್ಲ, ಹೊರತಿರುವು ಕಡಿಮೆಯಿತ್ತು, ಚೆಂಡು ಕೈಬಿಡುವಾಗ ಮುಂಡವೂ ಅಷ್ಟು ಮುಂದಕ್ಕೆ ಬಾಗದೆ ನೆಟ್ಟಗೆ ಉಳಿಯುತ್ತಿತ್ತು. ಭುಜದ ಗಾಯ ಮುಂಡದಲ್ಲಿ ಕಾಣಿಸಿಕೊಂಡದ್ದು ನನಗೆ ಇದರಲ್ಲಿ ಅತಿ ಮುಖ್ಯವೆನಿಸುತ್ತದೆ. ಕಂಕುಳಲ್ಲಿ ಬಿಗಿಯಾಗಿ ಹೊಲಿದ ಅಂಗಿ ಸುಮ್ಮನೆ ನಿಂತವನ ಮೈಮೇಲೆ ಚೆನ್ನಾಗಿಯೇ ಕೂರುತ್ತದೆ. ಕೈ ಎತ್ತಿದಾಗ ಬೆನ್ನಿನ ಬಟ್ಟೆಯನ್ನೆಲ್ಲ ಎಳೆಯುತ್ತದೆ. ಪರೀಕ್ಷೆಯ ಮಂಚದ ಮೇಲೆ ಮಲಗಿಸಿ, ನಿಧಾನವಾಗಿ ತೋಳು ತಿರುಗಿಸಿ ಅಳೆಯುವಾಗ ನಾವು ನೋಡುತ್ತಿರುವುದು ಸುಮ್ಮನೆ ನಿಂತವನನ್ನು. ಮಂಚದ ಮೇಲೆ ನಗಣ್ಯವೆನಿಸುವ ಕೆಲವೇ ಡಿಗ್ರಿಗಳ ಕೊರತೆ, ದಿಬ್ಬದ ಮೇಲೆ ತೋಳು ವೇಗ ಕೂಡಿಸಿಕೊಳ್ಳುವ ದಾರಿಯನ್ನೇ ಕಿರಿದುಗೊಳಿಸುತ್ತದೆ.

ನಾವು ಎಸೆತಕ್ಕೆ ಮರಳಿಸುವ ಕ್ರಮವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಹಂತಹಂತದ ಎಸೆತದ ಪಟ್ಟಿಗಳು ದೂರವನ್ನೂ ಸಂಖ್ಯೆಯನ್ನೂ ಹೇಳುತ್ತವೆ. 'ಅರ್ಧ ಶಕ್ತಿಯಲ್ಲಿ ಎಸೆ' ಎಂದಾಗ ಆಟಗಾರರ ಚೆಂಡು ಗರಿಷ್ಠ ವೇಗದ ಸುಮಾರು ಶೇ. 85ರಷ್ಟರಲ್ಲಿ ಹೋಗುತ್ತದೆ, ಕೀಲಿನ ಮೇಲಿನ ಬಲ ಸುಮಾರು ಶೇ. 75ರಷ್ಟಿರುತ್ತದೆ ಎಂದು ಫ್ಲೈಸಿಗ್ ಅವರ ಅಳತೆಗಳು 1990ರ ದಶಕದಲ್ಲೇ ತೋರಿಸಿದ್ದವು. ಅತಿ ದೂರಕ್ಕೆ ಎತ್ತಿ ಎಸೆಯುವುದು ದಿಬ್ಬದಿಂದ ಎಸೆಯುವುದಕ್ಕಿಂತ ಬೇರೆಯೇ ಚಲನೆ, ಅದರಲ್ಲಿ ಹೊರೆಯೂ ಹೆಚ್ಚೆಂದು 2011ರಲ್ಲಿ ಅದೇ ತಂಡ ಕಂಡುಕೊಂಡಿತು. ಹೀಗಿರುವಾಗ ಇನ್ನೂ ಗಟ್ಟಿಯಾಗದ ಭುಜಕ್ಕೆ ಹಗುರವೆಂದುಕೊಂಡು ಕೊಟ್ಟ ಹೊರೆ ಹಗುರವಾಗಿರುವುದಿಲ್ಲ. ನೋವಿಗೆ ಹೆದರಿ ರೂಢಿಸಿಕೊಂಡ ತಪ್ಪು ಚಲನೆ ನೂರಾರು ಎಸೆತಗಳಲ್ಲಿ ಮೈಗೂಡಿಬಿಡುತ್ತದೆ.

ಈ ವಾದಕ್ಕೆ ಬರುವ ಗಂಭೀರ ಆಕ್ಷೇಪ ಇದು: ಆ 13 ಮಂದಿಯನ್ನು ಅಳೆದದ್ದು ಶಸ್ತ್ರಚಿಕಿತ್ಸೆಯ ನಂತರ. ಅವರು ಮೊದಲಿನಿಂದಲೂ ಹಾಗೆಯೇ ಎಸೆಯುತ್ತಿದ್ದಿರಬಹುದು, ಗಾಯಕ್ಕೆ ಅದೇ ಕಾರಣವಿದ್ದಿರಬಹುದು. ಒಪ್ಪುತ್ತೇನೆ. ಆದರೆ ಅದು ನಿಜವಾದರೆ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಗಾಯ ಮಾಡಿದ ಚಲನೆಯನ್ನು ಮುಟ್ಟದೆ ಗಾಯವನ್ನಷ್ಟೇ ಹೊಲಿದು ಆಟಗಾರನನ್ನು ಅದೇ ದಿಬ್ಬಕ್ಕೆ ಕಳುಹಿಸಿದಂತಾಯಿತು. ನೋವೇ ಇಲ್ಲದ ವೃತ್ತಿಪರ ಪಿಚರ್‌ಗಳ ಭುಜವನ್ನು 2002ರಲ್ಲಿ ಎಂಆರ್‌ಐ ಮಾಡಿದಾಗ ಶೇ. 79ರಷ್ಟು ಭುಜಗಳಲ್ಲಿ ಲೇಬ್ರಮ್ ಸಹಜವಾಗಿರಲಿಲ್ಲ ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ. ಚಿತ್ರದಲ್ಲಿ ಹರಿದಂತೆ ಕಂಡದ್ದೆಲ್ಲ ರೋಗವಲ್ಲ. ಕೆಲವು, ಆ ತೋಳು ಅಷ್ಟು ಹಿಂದಕ್ಕೆ ಹೋಗಲು ತೆತ್ತ ಬೆಲೆಯೂ ಆಗಿರಬಹುದು. ಯಾವುದನ್ನು ಹೊಲಿಯಬೇಕು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವಾಗಲೂ ಚಲನೆಯ ಸಾಕ್ಷ್ಯ ಬೇಕೇ ಬೇಕು.

ಒಬ್ಬೊಬ್ಬ ಪಿಚರ್‌ಗೂ ಒಂದೊಂದು ಶೈಲಿ, ಸರಿಯಾದ ಎಸೆತವೆಂದು ಯಾವುದನ್ನು ಕರೆಯುತ್ತೀರಿ ಎಂಬುದು ಕೋಚ್‌ಗಳ ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಒಂದೇ ಅಚ್ಚಿಗೆ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಆಟಗಾರನನ್ನು ಅವನ ಹಿಂದಿನ ಎಸೆತದ ಜೊತೆಗೇ ಹೋಲಿಸಬೇಕು. 2020ರಿಂದ ಮೇಜರ್ ಲೀಗ್ ಮೈದಾನಗಳಲ್ಲಿ ಹಾಕ್-ಐ ಕ್ಯಾಮೆರಾಗಳು ಚೆಂಡಿನ ಜೊತೆಗೆ ಆಟಗಾರರ ಅಂಗಾಂಗಗಳ ಚಲನೆಯನ್ನೂ ದಾಖಲಿಸುತ್ತಿವೆ. ಗಾಯಕ್ಕೆ ಮುಂಚಿನ ದಾಖಲೆಯಿಲ್ಲ ಎಂಬ ಕೊರತೆ ಆ ಮಟ್ಟದಲ್ಲಾದರೂ ನೀಗಿದೆ. ಹಳೆಯ ಎಸೆತವೇ ಮರಳಬೇಕೆಂಬ ಹಠವೂ ಬೇಡ. ಕ್ಲೇಟನ್ ಕರ್ಷಾ 2023ರ ನವೆಂಬರ್‌ನಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಯೌವನದ ವೇಗವಿಲ್ಲದೆಯೇ 2025ರ ಜುಲೈನಲ್ಲಿ 3000ನೇ ಸ್ಟ್ರೈಕ್‌ಔಟ್ ಪಡೆದರು. ಬದಲಾದ ಭುಜಕ್ಕೆ ಒಪ್ಪುವ ಎಸೆತವನ್ನು ತಿಳಿದೇ ಕಟ್ಟಿಕೊಳ್ಳುವುದು ಬೇರೆ, ಅರಿವಿಲ್ಲದೆ ಅದಕ್ಕೆ ಜಾರುವುದು ಬೇರೆ.

ನಮ್ಮ ಚಿಕಿತ್ಸಾಲಯಗಳಿಗೆ ಪಿಚರ್‌ಗಳು ಬರುವುದು ಅಪರೂಪ; ಬೌಂಡರಿಯಿಂದ ಎಸೆಯುವ ಕ್ರಿಕೆಟ್ ಫೀಲ್ಡರ್‌ಗಳೂ ಜಾವೆಲಿನ್ ಎಸೆತಗಾರರೂ ಬರುತ್ತಾರೆ. ಅವರ ಎಸೆತ ಬೇರೆ, ಪಿಚರ್‌ಗಳ ಸಂಖ್ಯೆಗಳನ್ನು ಅವರಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ಸೊಂಟದಿಂದ ಬೆರಳತುದಿಯವರೆಗಿನ ಸರಪಳಿ ಇವರೆಲ್ಲರಲ್ಲೂ ಇದೆ. ದುಬಾರಿ ಪ್ರಯೋಗಾಲಯ ಇಲ್ಲದಿದ್ದರೂ ನಿಧಾನಗತಿಯಲ್ಲಿ ಚಿತ್ರೀಕರಿಸುವ ಫೋನು ಬಹುಪಾಲು ಎಲ್ಲರ ಕೈಯಲ್ಲಿದೆ. ತೋಳಿನ ತಿರುವನ್ನು ಅದು ನಿಖರವಾಗಿ ಅಳೆಯದು. ಮುಂಡ ನೆಟ್ಟಗಿದೆಯೋ ಬಾಗಿದೆಯೋ, ಕಾಲು ಊರುವಾಗ ತೋಳು ಎಲ್ಲಿದೆ ಎಂಬುದನ್ನು ತೋರಿಸಬಲ್ಲದು. ಆರೋಗ್ಯವಾಗಿರುವಾಗಲೇ ಪ್ರತಿ ಆಟಗಾರನ ಎಸೆತವನ್ನು ಹೀಗೆ ದಾಖಲಿಸುವ ಸರಳ ವಿಧಾನವೊಂದನ್ನು ಇಂದು ಮಧ್ಯಾಹ್ನದ ಗೋಷ್ಠಿ ರೂಪಿಸಲಿ. ಅದಕ್ಕಿಂತ ಮುಂಚೆ, ಮೊದಲ ಗೋಷ್ಠಿಯಲ್ಲಿ ಶಸ್ತ್ರವೈದ್ಯರು ಇದಕ್ಕೆ ಉತ್ತರಿಸಬೇಕೆಂದು ವಿನಂತಿಸುತ್ತೇನೆ: ಶೇ. 48 ಮತ್ತು ಶೇ. 7, ಈ ಎರಡೂ ಸಂಖ್ಯೆಗಳನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಪಿಚರ್‌ಗೆ ಹೇಳಬೇಕಾದವರು ಯಾರು, ಯಾವ ಮಾತಿನಲ್ಲಿ?