ಓಣಿಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ



ನಮ್ಮ ಕಡೆ ಹುಡುಗಿ ‘ದೊಡ್ಡಾಕಿ’ ಆದಳೆಂದರೆ ಸುದ್ದಿ ಓಣಿಗೆಲ್ಲ ಹಬ್ಬುತ್ತದೆ. ಆರತಿ ಎತ್ತುತ್ತೇವೆ, ಉಡಿ ತುಂಬುತ್ತೇವೆ, ಹಾಡು ಹೇಳುತ್ತೇವೆ, ಕೊಬ್ಬರಿ-ಬೆಲ್ಲ ತಿನ್ನಿಸುತ್ತೇವೆ. ತನ್ನ ಮೈಯಲ್ಲಿ ಆದದ್ದೇನೆಂದು ಆ ಹುಡುಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ರಕ್ತ ಕಂಡು, ಏನೋ ರೋಗ ಬಂತೆಂದು ಬಚ್ಚಲಲ್ಲಿ ಅತ್ತವರು ಈ ಸಭೆಯಲ್ಲೂ ಇರಬಹುದು.

ಹೇಳಬೇಕಾದದ್ದು ಬಹಳವೇನಲ್ಲ. ಮಿದುಳಿನ ಬುಡದಲ್ಲಿ ಕಾಳಿನಷ್ಟು ಚಿಕ್ಕದಾದ ಪಿಟ್ಯುಟರಿ ಗ್ರಂಥಿಯಿದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಅದರ ಹಾರ್ಮೋನುಗಳು ಅಂಡಾಶಯ, ವೃಷಣಗಳನ್ನು ಎಚ್ಚರಿಸುತ್ತವೆ. ಹುಡುಗಿಗೆ ಮೊದಲು ಎದೆ ಮೂಡುತ್ತದೆ. ಎರಡು-ಮೂರು ವರ್ಷಕ್ಕೆ ಮುಟ್ಟು ಬರುತ್ತದೆ. ಗರ್ಭಕೋಶದ ಒಳಪದರು ಕಳಚಿ ಹೊರಬರುವುದೇ ಮುಟ್ಟು. ಅದು ಕೆಟ್ಟ ರಕ್ತವಲ್ಲ. ಮೊದಲ ಒಂದೆರಡು ವರ್ಷ ದಿನಗಳು ಹಿಂದುಮುಂದಾಗಬಹುದು. ಹುಡುಗನಿಗೆ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಅದರಿಂದ ಶಕ್ತಿ ಕುಂದುವುದಿಲ್ಲ. ಗೋಡೆಯ ಜಾಹೀರಾತು ನಂಬಿ ಔಷಧಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

‘ಮುಟ್ಟು ಮೈಲಿಗೆಯಲ್ಲವೇ?’ ಎಂದು ಕೇಳುವಿರಿ. ಶರಣಧರ್ಮ ಒಪ್ಪದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. 12ನೇ ಶತಮಾನದ ಶರಣರ ಹೆಸರನ್ನು ನಿತ್ಯ ನೆನೆಯುವ ನಾವು ಮಗಳನ್ನು ‘ಹೊರಗ ಕೂಡು’ ಎನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು. ಮಗುವಿನ ಮೈ ಮಗುವಿನದೇ. ಬಟ್ಟೆ ಬದಲಿಸುವಾಗ ಬಾಗಿಲು ಹಾಕಿಕೊಂಡರೆ ಅದು ಸೊಕ್ಕಲ್ಲ. ಮನೆಯಲ್ಲಿ ಕೋಣೆ ಒಂದೇ ಇದ್ದರೆ ಹಳೆಯ ಸೀರೆಯನ್ನಾದರೂ ಮರೆ ಕಟ್ಟಿಕೊಡಿ. ‘ಕಾಕಾನ ತೊಡಿ ಮ್ಯಾಲ ಕೂಡು’ ಎಂಬ ಒತ್ತಾಯ ಬೇಡ. ಯಾರಾದರೂ ಮುಟ್ಟಿದ್ದು ಹಿಡಿಸದಿದ್ದರೆ ಮಗು ‘ಬ್ಯಾಡ’ ಎನ್ನಲಿ. ‘ಯಾರಿಗೂ ಹೇಳಬ್ಯಾಡ’ ಎಂದು ಯಾರೇ ಅಂದರೂ ಅದನ್ನೇ ಮೊದಲು ಅವ್ವನಿಗೆ ಹೇಳಲಿ. ಹೇಳಿದಾಗ ಬೈಯದೆ ನಂಬಿ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು-ಹೆಣ್ಣು ಮಕ್ಕಳಿಬ್ಬರಿಗೂ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ.

ಹಾಡು, ಆರತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅವು ಬೇಕೋ ಬೇಡವೋ ಎಂದು ಮಗಳನ್ನೇ ಕೇಳಿ; ಬೇಡವೆಂದರೆ ಸುದ್ದಿ ಹೊಸ್ತಿಲು ದಾಟುವುದು ಬೇಡ. ಆದರೆ ಆಕೆಗೆ ತಿಳಿಯಬೇಕಾದದ್ದು ಮುಟ್ಟು ಬರುವ ಮೊದಲೇ ತಿಳಿದಿರಲಿ. ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಮಗಳನ್ನು ಹತ್ತಿರ ಕೂರಿಸಿಕೊಂಡು ಮಾತು ತೆಗೆಯಿರಿ. ಮಗನ ಹತ್ತಿರ ಅಪ್ಪ ಮಾತಾಡಲಿ.