ಎಸರು ಕುದಿಯುವ ಹೊತ್ತು



ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರಾಗುತ್ತಿದ್ದ ಬಾಲ್ಯ ನನ್ನದು. ವಿಜಯಪುರ ಸೀಮೆಯ ನಮ್ಮ ಮನೆಯಲ್ಲಿ ಆಯಿ ಒಲೆಯ ಮುಂದೆ ಕೂತರೆ ಮೂವತ್ತು ರೊಟ್ಟಿ ಆಗುವತನಕ ಏಳುತ್ತಿರಲಿಲ್ಲ. ನಾನು ಮೊದಲ ಸಲ ಬಡಿದ ರೊಟ್ಟಿಯ ಅಂಚು ಸೀಳಿತು. ಆಯಿ ನನ್ನ ಕೈ ನೋಡಲಿಲ್ಲ, ನೀರಿನ ಪಾತ್ರೆ ನೋಡಿದಳು. "ಎಸರು ಕುದ್ದಿಲ್ಲವ್ವಾ" ಅಂದಳು.

ಆ ಮಾತಿನಲ್ಲಿ ಜೋಳದ ಗುಣವೇ ಅಡಗಿದೆ. ಗೋದಿಹಿಟ್ಟನ್ನು ಹಿಡಿದಿಡುವ ಗ್ಲೂಟೆನ್ ಜೋಳದಲ್ಲಿಲ್ಲ. ಕುದಿನೀರು ಬಿದ್ದಾಗಲೇ ಅದರ ಪಿಷ್ಟ ಅರಳಿ ಹಿಟ್ಟಿಗೆ ಜಿಗಿ ಬರುತ್ತದೆ. ಬಿಸಿ ಇರುವಾಗಲೇ ನಾದಬೇಕು, ಅಂಗೈ ತಿರುಗಿಸುತ್ತ ಬಡಿಯಬೇಕು, ಹಂಚಿಗೆ ಹಾಕಿದೊಡನೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. ಎಷ್ಟು ನೀರು ಎಂದು ಆಯಿ ಎಂದೂ ಅಳೆದು ಹೇಳಲಿಲ್ಲ. ಕೈ ನೋಡಿಯೇ ಕಲಿತೆ.

ಈ ಕಾಳು ಹುಟ್ಟಿದ್ದು ಆಫ್ರಿಕದಲ್ಲಿ. ಇಂದಿನ ಸುಡಾನಿನ ಸೀಮೆಯಲ್ಲಿ ಸುಮಾರು 5,000 ವರ್ಷಗಳ ಹಿಂದೆಯೇ ಜನ ಅದನ್ನು ಬೆಳೆಯತೊಡಗಿದ್ದರು. ಅಲ್ಲಿನ ಹೆಣ್ಣುಮಕ್ಕಳು ಈಗಲೂ ಜೋಳದ ಹಿಟ್ಟನ್ನು ಹುಳಿ ಬರಿಸಿ ಕಿಸ್ರಾ ಎಂಬ ತೆಳುರೊಟ್ಟಿ ಹುಯ್ಯುತ್ತಾರೆ. ಆ ಕಾಳು ನಮ್ಮ ಸೀಮೆಗೆ ಬಂದಾಗ ಇಲ್ಲಿನ ಎರೆಮಣ್ಣು ಹಿಂಗಾರಿಯ ತೇವವನ್ನು ಹಿಡಿದಿಟ್ಟುಕೊಂಡು ಜೋಳವನ್ನು ಸಾಕಿತು. ಹಳಗನ್ನಡದಲ್ಲಿ ಅನ್ನದ ಋಣಕ್ಕೆ ಇದ್ದ ಮಾತೇ ಜೋಳವಾಳಿ. ಉಂಡ ಜೋಳಕ್ಕಾಗಿ ಪ್ರಾಣ ಕೊಡುವ ನಿಷ್ಠೆ ಅದು. 

1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ತಳಿ ನಮ್ಮ ಹೊಲಗಳಿಗೂ ಬಂತು. 1964ರಲ್ಲಿ ಹೈಬ್ರಿಡ್ ಜೋಳ ಬಂದು ಇಳುವರಿ ಹೆಚ್ಚಿತು. ಆದರೆ ರೊಟ್ಟಿಗೆ ಆಯಿ ಮಾಲದಂಡಿಯನ್ನು ಬಿಟ್ಟು ಬೇರೆಯದನ್ನು ಒಪ್ಪಲಿಲ್ಲ. ಅದರ ಬಿಳುಪು, ಅದರ ಸಿಹಿ ಬೇರೆ. ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಕಾಳು ತುಂಬಿಡುತ್ತಿದ್ದ ನೆಲದಡಿಯ ಹಗೇವುಗಳು ಮುಚ್ಚಿದವು, ಪಡಿತರದ ಅಕ್ಕಿ ಅಗ್ಗವಾಗಿ ಜೋಳದ ಹೊಲಗಳು ಕಡಿಮೆಯಾದವು. ನನಗೆ ಇದು ಇಂದಿಗೂ ನೋವಿನ ಸಂಗತಿ.

ಆದರೂ ರೊಟ್ಟಿ ನಿಂತಿಲ್ಲ. ಒಣಗಿಸಿದ ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಶೇಂಗಾ ಚಟ್ನಿಯೊಂದಿಗೆ ಬೆಂಗಳೂರಿಗೂ ಪರದೇಶಕ್ಕೂ ಬುತ್ತಿಯಾಗಿ ಹೋಗುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಆ ರಾಶಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಬಡಿದ ಬೆರಳುಗಳ ಗುರುತು ಅಂಚಿನುದ್ದಕ್ಕೂ ಕಾಣುತ್ತದೆ.