ಮಿಶ್ರತಳಿ ಕೋಳಿ ಸಾಕಣೆ: ಹುಂಜದ ಮರಿಗಳ ಮೇಲೆ ಕಣ್ಣಿರಲಿ



ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಕೋಳಿ ಸಾಕದ ಕೇರಿ ಅಪರೂಪ. ಅದರ ಲೆಕ್ಕ ಬರೆದಿಟ್ಟ ಮನೆ ಇನ್ನೂ ಅಪರೂಪ. ಅರಿಸಿನಕ್ಕೆ ಎಷ್ಟು ಗೊಬ್ಬರ ಹೋಯಿತು, ಸಣ್ಣ ಈರುಳ್ಳಿ ಕೀಳಲು ಎಷ್ಟು ಕೂಲಿ ಬಿತ್ತು ಎಂಬುದನ್ನು ಬಾಯಲ್ಲೇ ಒಪ್ಪಿಸುವ ರೈತನನ್ನು ಕೋಳಿಯಿಂದ ಏನು ಬಂತೆಂದು ಕೇಳಿದರೆ, 'ಅದು ಹೆಂಗಸರ ಬಾಬತ್ತು' ಎಂದು ಸುಮ್ಮನಾಗುತ್ತಾನೆ. ಆ ಬಾಬತ್ತಿನಲ್ಲೇ ಮಕ್ಕಳ ಪುಸ್ತಕ, ಸಂತೆಯ ಉಪ್ಪು ಮೆಣಸಿನಕಾಯಿ ನಡೆಯುತ್ತದೆ ಎಂಬುದು ಅವನಿಗೂ ಗೊತ್ತು. ಆದ್ದರಿಂದ ಈ ಮಾತುಗಳನ್ನು ಮನೆಯ ಹೆಣ್ಣುಮಕ್ಕಳೂ ಕುಳಿತು ಕೇಳಬೇಕು.

ನಾಟಿ ಕೋಳಿ ವರ್ಷಕ್ಕೆ 50ರಿಂದ 60 ಮೊಟ್ಟೆ ಇಡುತ್ತದೆ, ನಡುವೆ ಕಾವಿಗೆ ಕೂರುತ್ತದೆ. ಇದನ್ನು ಸುಧಾರಿಸಲು ಹಿಂದೆ ವೈಟ್ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಹುಂಜಗಳನ್ನು ಹಳ್ಳಿಗಳಿಗೆ ಹಂಚಿದ್ದುಂಟು. ಬಿಳಿ ಲೆಗ್‌ಹಾರ್ನ್ ಹಿತ್ತಲಲ್ಲಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತಿತ್ತು, ಮಾಂಸವೂ ಕಡಿಮೆ. ಅನಂತರ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗದಲ್ಲಿ ಗಿರಿರಾಜ ತಳಿ ರೂಪುಗೊಂಡಿತು. ಹಲವು ಬಣ್ಣದ ಪುಕ್ಕ, ಕಂದು ಮೊಟ್ಟೆ, ಮೈತುಂಬಿದ ದೇಹ. ಹಿತ್ತಲ ಸಾಕಣೆಗೆ ಒಗ್ಗುವ ಕೋಳಿ. ಸ್ವರ್ಣಧಾರ ತಳಿ 2005ರಲ್ಲಿ ಬಿಡುಗಡೆಯಾಯಿತು. ಚೆನ್ನಾಗಿ ಸಾಕಿದರೆ ಇದು ವರ್ಷಕ್ಕೆ 180ರಿಂದ 190 ಮೊಟ್ಟೆ ಕೊಡುತ್ತದೆ. ಗಿರಿರಾಜಕ್ಕಿಂತ ಮೈಭಾರ ಕಡಿಮೆ, ಓಟ ಚುರುಕು. ಬಂಡೀಪುರದ ಅಂಚಿನಲ್ಲಿರುವ ಹಂಗಳದಂಥ ಊರುಗಳಲ್ಲಿ ಕಾಡುಬೆಕ್ಕು, ಮುಂಗುಸಿಗಳ ಕಾಟವಿರುವುದರಿಂದ ಈ ಚುರುಕು ಸಣ್ಣ ಗುಣವಲ್ಲ.

ಆದರೆ ಮರಿ ತರುವಾಗ ಒಂದು ಸಂಗತಿ ಮರೆಯುತ್ತದೆ. ಗಂಡು ಹೆಣ್ಣು ಬೇರ್ಪಡಿಸದೆ ಕೊಡುವ 50 ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಮೊಟ್ಟೆಯ ಆಸೆಗೆ ತಂದವರು ನಾಲ್ಕನೆಯ ತಿಂಗಳಲ್ಲಿ ಹಟ್ಟಿ ತುಂಬ ಹುಂಜಗಳ ಕೂಗು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ. ಮಿಶ್ರತಳಿ ಸಾಕಣೆಯಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಬಹುಮಟ್ಟಿಗೆ ಈ ಹುಂಜಗಳನ್ನು ಯಾವಾಗ ಮಾರಿದರು, ಯಾವುದನ್ನು ಉಳಿಸಿಕೊಂಡರು ಎಂಬುದರ ಮೇಲೆ.

ನಮ್ಮ ಕಡೆ ಹುಂಜಕ್ಕೆ ಒಳ್ಳೆಯ ಬೆಲೆ ಬರುವುದು ಯುಗಾದಿಯ ಮರುದಿನದ ಹೊಸತೊಡಕಿಗೆ, ಮತ್ತೆ ಊರ ಮಾರಿಹಬ್ಬಕ್ಕೆ. ಯುಗಾದಿ ಬರುವುದು ಸಾಮಾನ್ಯವಾಗಿ ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ. ಅಲ್ಲಿಂದ ಹದಿನಾರು ವಾರ ಹಿಂದಕ್ಕೆ ಎಣಿಸಿದರೆ ಡಿಸೆಂಬರ್‌ನಲ್ಲಿ ಮರಿ ಮನೆಯಲ್ಲಿರಬೇಕು. ಜನವರಿ ಕಳೆದ ಮೇಲೆ ತಂದು, ಹಬ್ಬಕ್ಕೆ ಹುಂಜ ಬಲಿಯಲಿಲ್ಲ ಎಂದು ಮರಿಯನ್ನು ದೂರಿ ಫಲವಿಲ್ಲ.

ಡಿಸೆಂಬರ್ ಎಂದರೆ ಗುಂಡ್ಲುಪೇಟೆಯ ಕಡೆ ರಾತ್ರಿ ಚಳಿ. ಮೊದಲ ವಾರ ಮರಿಗಳಿಗೆ 35 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಅಲ್ಲಿಂದ ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮೊದಲೆಲ್ಲ 50 ಮರಿಗೆ 60 ವ್ಯಾಟಿನ ಎರಡು ಬಲ್ಬು ಸಾಕು ಎನ್ನುತ್ತಿದ್ದರು. ಈಗ ಮನೆಮನೆಯಲ್ಲೂ ಎಲ್‌ಇಡಿ ಬಲ್ಬು. ಅದು ಬೆಳಕು ಕೊಟ್ಟೀತೇ ಹೊರತು ಮರಿಗೆ ಸಾಲುವಷ್ಟು ಬಿಸಿ ಕೊಡದು. ಹಳೆಯ ತಂತಿಯ ಬಲ್ಬನ್ನೇ ಹುಡುಕಿ ತನ್ನಿ. ಕರೆಂಟು ಹೋದರೆ ಮಡಕೆಯಲ್ಲಿ ಕೆಂಡ ಇಡಬಹುದು. ಮರಿ ಒಳಗೆ ಬೀಳದಂತೆ ಬಲೆ ಮುಚ್ಚಿ, ಹೊಗೆ ಹೊರಹೋಗಲು ದಾರಿ ಬಿಡಬೇಕು. ಉಷ್ಣಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿ ಕೂತರೆ ಚಳಿ, ಬಾಯಿ ತೆರೆದು ಅಂಚಿಗೆ ಸರಿದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ.

ಲಸಿಕೆಯ ಮಾತು ಹಲವು ಬಾರಿ ಬಂದುಹೋಗಿದೆ, ಚಿಕ್ಕದಾಗಿ ಹೇಳಿದರೆ ಸಾಕು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಒಂದು, ನಾಲ್ಕನೆಯ ವಾರದಲ್ಲಿ ಇನ್ನೊಂದು, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ಗಂಬೊರೊಗೆ ಎರಡನೆಯ ವಾರ. ಸಿಡುಬಿನ ಲಸಿಕೆಯ ದಿನವನ್ನು ಪಶುವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಲಸಿಕೆಯನ್ನು ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲೇ ತರಬೇಕು. ಅಂಗಿಯ ಜೇಬಿನಲ್ಲಿ ಬಂದ ಲಸಿಕೆ ನೀರಿಗೆ ಸಮ.

ಈಗ ಹುಂಜದ ಮರಿಗಳ ಕಡೆ ಬರೋಣ. ನಾಲ್ಕರಿಂದ ಆರು ವಾರದೊಳಗೆ ಗಂಡುಮರಿಯ ಜುಟ್ಟು ಹೆಣ್ಣುಮರಿಯದಕ್ಕಿಂತ ದೊಡ್ಡದಾಗಿ ಕೆಂಪೇರತೊಡಗುತ್ತದೆ, ಕಾಲು ದಪ್ಪಗಾಗುತ್ತದೆ. ಆದರೆ ಜುಟ್ಟು ನೋಡಿ ಮೋಸಹೋಗುವವರೂ ಇದ್ದಾರೆ. ಹತ್ತರಿಂದ ಹನ್ನೆರಡು ವಾರಕ್ಕೆ ಕತ್ತಿನ ಮೇಲೂ ಬಾಲದ ಬುಡದ ಎರಡು ಪಕ್ಕದಲ್ಲೂ ಹುಟ್ಟುವ ಗರಿಗಳನ್ನು ಬಿಡಿಸಿ ನೋಡಿದರೆ ಸಂಶಯ ಉಳಿಯದು. ಹುಂಜದವು ನೀಳವಾಗಿ, ತುದಿ ಚೂಪಾಗಿ ಹೊಳೆಯುತ್ತವೆ. ಹೇಂಟೆಯವು ದುಂಡು ತುದಿಯವು. ಆಮೇಲೆ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿ ಇಳಿಯುತ್ತದೆ. ಕಾಲಿನ ಮುಳ್ಳು ಆಗ ಇನ್ನೂ ಮೊಳಕೆಯಷ್ಟೇ. ಅದು ಗಟ್ಟಿಯಾಗಿ ಬೆಳೆಯಲು ತಿಂಗಳುಗಳೇ ಬೇಕು.

ಮೊದಲ ಕೂಗು ಮೂರು, ನಾಲ್ಕು ತಿಂಗಳ ಹೊತ್ತಿಗೆ. ಅದು ಕೂಗಲ್ಲ, ಗಂಟಲು ಒಡೆದ ಹುಡುಗನ ದನಿ. ಮನೆಯವರೆಲ್ಲ ನಗುತ್ತಾರೆ. ಮೊದಲು ಕೂಗಿದ್ದನ್ನೇ 'ಇದು ಜೋರು' ಎಂದು ಬೀಜಕ್ಕೆ ಉಳಿಸಿಕೊಳ್ಳುವ ವಾಡಿಕೆ ಇದೆ. ಇಲ್ಲಿ ಎಚ್ಚರ ಬೇಕು. ಗುಂಪಿನಲ್ಲಿ ಯಜಮಾನಿಕೆ ಹಿಡಿದ ಹುಂಜ ಮುಂಚೆ ಕೂಗುತ್ತದೆ, ಉಳಿದವನ್ನು ಕುಕ್ಕಿ ಬಾಯಿ ಮುಚ್ಚಿಸುತ್ತದೆ. ಅದರ ಹೆದರಿಕೆಯಲ್ಲಿ ಎರಡನೆಯ, ಮೂರನೆಯ ಹುಂಜಗಳ ಜುಟ್ಟು ಪೇಲವವಾಗಿಯೇ ಇದ್ದು, ಬೆಳವಣಿಗೆ ಹಿಂದೆ ಬಿದ್ದಂತೆ ಕಾಣುತ್ತದೆ. ಯಜಮಾನನನ್ನು ಸಂತೆಗೆ ಕಳಿಸಿ ನೋಡಿ. ಕೆಲವೇ ದಿನಗಳಲ್ಲಿ ಮೂಲೆಯಲ್ಲಿದ್ದದ್ದು ಕತ್ತೆತ್ತಿ ಕೂಗುತ್ತದೆ, ಜುಟ್ಟಿಗೆ ರಕ್ತ ಬರುತ್ತದೆ. ಅಂದರೆ ಕಂಡದ್ದು ತಳಿಯ ದೋಷವಲ್ಲ, ಜಗಳದ ಪರಿಣಾಮ.

ಆದ್ದರಿಂದ ಆಯ್ಕೆಯನ್ನು ಎರಡು ಸಲ ಮಾಡಿ. ಎಂಟನೆಯ ವಾರ ಬೆಳಗ್ಗೆ ಮೇವು ಹಾಕುವ ಮೊದಲು ಗಂಡುಮರಿಗಳನ್ನೆಲ್ಲ ತೂಗಬೇಕು. ಒಳ್ಳೆಯ ಮೇವು ತಿಂದ ಗಿರಿರಾಜ ಆ ಹೊತ್ತಿಗೆ ಒಂದು ಕಿಲೋ ದಾಟಿರುತ್ತದೆ, ಹಿತ್ತಲಲ್ಲಿ ಕೆದಕಿ ತಿಂದದ್ದು ಅಷ್ಟು ಬರದು. ಭಾರವಾದ ಐದಾರು ಮರಿಗಳ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ಕಾಲು ದಪ್ಪಗಾದಂತೆ ದಾರ ಬದಲಿಸಿ. ಹದಿನಾರು ವಾರದ ಮೇಲೆ ಎರಡನೆಯ ಪರೀಕ್ಷೆ. ನೇರ ಕಾಲು, ಸೊಟ್ಟಗಾಗದ ಬೆರಳು, ಬಾಗದ ಎದೆಮೂಳೆ, ಅಗಲ ಬೆನ್ನು, ತಿಳಿಯಾದ ಕಣ್ಣು ಇರಬೇಕು. ನಡತೆಯನ್ನೂ ನೋಡಿ. ಹುಳು ಸಿಕ್ಕಿದಾಗ ತಾನು ನುಂಗದೆ ಕೊಕ್ ಕೊಕ್ ಎಂದು ಹೇಂಟೆಗಳನ್ನು ಕರೆಯುವ ಹುಂಜ ಮಂದೆಗೆ ಒಳ್ಳೆಯದು. ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಬೆನ್ನ ಪುಕ್ಕ ಕೀಳುವುದು, ಚಿಕ್ಕ ಮಕ್ಕಳ ಮೇಲೆ ಎಗರುವುದು, ಎಷ್ಟೇ ಅಂದವಾಗಿರಲಿ, ಮಾರುವ ಪಟ್ಟಿಗೆ ಸೇರಬೇಕು. ಹುಂಜದ ಮುಳ್ಳು ಮಗುವಿನ ಕಣ್ಣಿಗೆ ತಾಗಿದರೆ ಯಾವ ತಳಿಯೂ ಬೇಡವಾಗುತ್ತದೆ.

ಮಾರುವುದನ್ನು ಮುಂದೂಡಿದರೆ ಏನಾಗುತ್ತದೆ? ಬೆಳೆದ ಹುಂಜ ದಿನಕ್ಕೆ 120 ಗ್ರಾಂ ಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಬೇಡದ 20 ಹುಂಜಗಳಿಗೆ ದಿನಕ್ಕೆ 2.4 ಕಿಲೋ, ತಿಂಗಳಿಗೆ 72 ಕಿಲೋ. ಮುಸುಕಿನ ಜೋಳವಾಗಲಿ, ಕಡಲೆಕಾಯಿ ಹಿಂಡಿಯಾಗಲಿ, ದುಡ್ಡು ಕೊಟ್ಟೇ ತಂದದ್ದು. ಮನೆಯ ಜೋಳವೇ ಆದರೂ ಸಂತೆಯಲ್ಲಿ ಅದಕ್ಕೆ ಬೆಲೆ ಇದೆಯಷ್ಟೆ. ವಯಸ್ಸು ಏರಿದಂತೆ ತಿಂದ ಮೇವಿಗೆ ಮೈಗೂಡುವುದು ಕಡಿಮೆ. ಮೇಲೆ ಕಾದಾಟ, ಗಾಯ, ಹೇಂಟೆಗಳಿಗೆ ಕಿರುಕುಳ. ಹಬ್ಬ ಎರಡು ವಾರದಲ್ಲಿದ್ದರೆ ಕಾಯುವುದು ಸರಿ. ಎರಡು ತಿಂಗಳಿದ್ದರೆ ಆ ಹಬ್ಬದ ಬೆಲೆಯನ್ನು ಹುಂಜ ಮುಂಚೆಯೇ ತಿಂದು ಮುಗಿಸಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಹಿಂಡಿ ಹಾಕಬೇಡಿ. ಅದರ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ.

ತೆರಕಣಾಂಬಿಯ ಸಂತೆಗೋ ಸಂತೇಮರಹಳ್ಳಿಗೋ ಒಯ್ದ ಹುಂಜ ಮಾರಾಟವಾಗದೆ ಉಳಿದರೆ ಸಂಜೆ ತಂದು ಮಂದೆಗೆ ಬಿಡುವುದು ದೊಡ್ಡ ತಪ್ಪು. ಹತ್ತೂರಿನ ಕೋಳಿ ಒಂದೇ ಕಡೆ ಸೇರಿರುತ್ತದೆ. ಕೊಕ್ಕರೆ ರೋಗ ಊರಿಗೆ ಬರುವ ರಾಜಮಾರ್ಗ ಅದೇ. ಮೂರು ವಾರ ಬೇರೆ ಮಂಕರಿಯಲ್ಲಿ ಮುಚ್ಚಿಟ್ಟು, ಬೇರೆ ನೀರು ಬೇರೆ ಮೇವು ಕೊಡಬೇಕು. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು ಎಂಬುದನ್ನು ನೆನಪಿಟ್ಟವರು ಇದನ್ನು ಅತಿಯೆನ್ನಲಾರರು.

ಇನ್ನು ಉಳಿಸಿಕೊಂಡ ಹುಂಜದ ಮಾತು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅದು ಆ ಹೇಂಟೆಗಳ ಜೊತೆ ಹುಟ್ಟಿದ್ದಾಗಿರಬಾರದು. ಒಡಹುಟ್ಟಿದವು ಕೂಡಿದರೆ ಮೊಟ್ಟೆ ಒಡೆಯುವುದು ಕಡಿಮೆ, ಮರಿ ಬಡವು. ಬೇರೆ ಕಡೆಯಿಂದ ಮರಿ ತಂದ ನೆರೆಯ ಊರಿನವರೊಡನೆ ಹುಂಜ ಬದಲಾಯಿಸಿಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ಗಿರಿರಾಜ, ಸ್ವರ್ಣಧಾರಗಳು ಮಿಶ್ರತಳಿಗಳಾದ್ದರಿಂದ ಅವುಗಳ ಮರಿಗಳಲ್ಲಿ ತಾಯಿಯ ಗುಣ ಅಷ್ಟೇ ಪ್ರಮಾಣದಲ್ಲಿ ಬಾರದು. ಮೊಟ್ಟೆಯ ಆದಾಯವೇ ಮುಖ್ಯವಾದವರು ಹೊಸ ಮರಿಯನ್ನೇ ತರಬೇಕು. ಮರಿ ಎಲ್ಲಿ ಸಿಗುತ್ತದೆಂದು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮಿಶ್ರತಳಿ ಹುಂಜವನ್ನು ನಾಟಿ ಹೇಂಟೆಗೆ ಬಿಡುವುದಾದರೆ ತೀರ ಭಾರದ ಹುಂಜ ಬೇಡ. ನಾಲ್ಕು ಕಿಲೋ ಹುಂಜ ಮೆಟ್ಟಿದರೆ ಚಿಕ್ಕ ನಾಟಿ ಹೇಂಟೆಯ ಬೆನ್ನು ಗಾಯವಾಗುತ್ತದೆ.

ಹುಂಜ ಬದಲಾಯಿಸಿದ ಮರುದಿನವೇ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜ ಹೋದ ಮೇಲೂ ಹತ್ತರಿಂದ ಹದಿನಾಲ್ಕು ದಿನ ಅದರ ಬೀಜವೇ ಹೇಂಟೆಯ ಒಳಗಿರುತ್ತದೆ. ಮೂರು ವಾರ ಬಿಟ್ಟು ಕೂಡಿಟ್ಟ ಮೊಟ್ಟೆಯಲ್ಲಿ ಹೊಸ ಹುಂಜದ ಮರಿ. ಗಿರಿರಾಜ ಹೇಂಟೆ ಕಾವಿಗೆ ಕೂರದು. ಅದಕ್ಕೆ ನಾಟಿ ಹೇಂಟೆಯೇ ಗತಿ. ಮೊಟ್ಟೆ ದಪ್ಪವಿರುವುದರಿಂದ ಹನ್ನೆರಡರ ಬದಲು ಎಂಟು ಹತ್ತು ಇಟ್ಟರೆ ಸಾಕು. ಏಳನೆಯ ದಿನ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದು, ಒಳಗೆ ಜೇಡರಬಲೆಯಂತೆ ರಕ್ತನಾಳ ಕಾಣದ ಮೊಟ್ಟೆ ತೆಗೆದುಬಿಡಿ. ಇಪ್ಪತ್ತೊಂದನೆಯ ದಿನಕ್ಕೆ ಮರಿ ಹೊರಬರುತ್ತದೆ. ಅಷ್ಟರೊಳಗೆ ಬಲ್ಬು, ಹೊಟ್ಟು, ನೀರಿನ ತಟ್ಟೆ ಅಣಿಯಾಗಿರಲಿ.